ಲಿನಕ್ಸ್ ಇನ್‌ಸ್ಟಾಲ್ ಆಗದಿದ್ದರೆ ಗೂಬೆ ಕೂರಿಸುವುದು ಯಾರ ಮೇಲೆ?

ಕಂಪ್ಯೂಟರಿನ ಪಾಲಿಗೆ ಹೊಸ ಆಪರೇಟಿಂಗ್ ಸಿಸ್ಟಂ ಅಳವಡಿಸಿಕೊಳ್ಳುವ ಅರ್ಧ ಗಂಟೆ ಕಠಿಣ ದುಡಿಮೆಯ ಹೊತ್ತು. ಉಬುಂಟು, ಲಿನಕ್ಸ್ ಮಿಂಟ್‌ನಂಥ ವಿತರಣೆಗಳ ಐಎಸ್‌ಒ ಕಡತದೊಳಗೆ ಇಡೀ ವ್ಯವಸ್ಥೆ ‘ಸ್ಕ್ವಾಷ್‌ಎಫ್‌ಎಸ್’ ಎಂಬ ರೂಪದಲ್ಲಿ ಅಡಕವಾಗಿರುತ್ತದೆ. ಇನ್‌ಸ್ಟಾಲರ್ ಅದನ್ನು ಪೆನ್‌ಡ್ರೈವ್‌ನಿಂದ ತುಂಡು ತುಂಡಾಗಿ ಓದಿ, ರ‍್ಯಾಮ್‌ನಲ್ಲಿ ಬಿಚ್ಚಿ, ಲಕ್ಷಕ್ಕೂ ಹೆಚ್ಚು ಕಡತಗಳಾಗಿ ಡಿಸ್ಕಿಗೆ ಬರೆಯುತ್ತದೆ. ಓದುವ, ಬಿಚ್ಚುವ, ಬರೆಯುವ ಮೂರೂ ಕೆಲಸ ಬಿಡುವಿಲ್ಲದೆ ಒಟ್ಟೊಟ್ಟಿಗೆ ಸಾಗುತ್ತವೆ. ಅಡಕಿಸಿದ ಮಾಹಿತಿಯಲ್ಲಿ ಒಂದೇ ಒಂದು ಬಿಟ್ ತಪ್ಪಿದರೂ ಆ ತುಂಡು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ.

ನಿತ್ಯದ ಬಳಕೆ ಇಷ್ಟು ನಿಷ್ಠುರವಲ್ಲ. ಸಿನಿಮಾ ನೋಡುವಾಗ ಒಂದು ಚುಕ್ಕೆಯ ಬಣ್ಣ ಕೆಟ್ಟರೆ ಯಾರ ಕಣ್ಣಿಗೂ ಬೀಳದು. ಬ್ರೌಸರ್ ತಾನಾಗಿ ಮುಚ್ಚಿಕೊಂಡರೆ ಮತ್ತೆ ತೆರೆದರಾಯಿತು. ಹೀಗಾಗಿಯೇ ‘ನಿನ್ನೆಯವರೆಗೂ ವಿಂಡೋಸ್ ಚೆನ್ನಾಗಿಯೇ ಓಡುತ್ತಿತ್ತು’ ಎನ್ನಿಸಿಕೊಂಡ ಯಂತ್ರ ಲಿನಕ್ಸ್ ಹಾಕುವಾಗ ಕೈಕೊಡುವುದುಂಟು. ಆಗ ಲಿನಕ್ಸ್ ಮೇಲೆ ಗೂಬೆ ಕೂರಿಸುವುದು ಸುಲಭ. ಎಷ್ಟೋ ಸಲ ಆ ಆರೋಪ ನಿಜವೂ ಹೌದು. ಆದರೆ ಯಂತ್ರದೊಳಗೆ ಮೊದಲೇ ಅವಿತಿದ್ದ ದೋಷವನ್ನು ಇನ್‌ಸ್ಟಾಲರ್ ಬಯಲಿಗೆಳೆದಿರುವ ಸಾಧ್ಯತೆಯೂ ಕಡಿಮೆಯೇನಲ್ಲ.

ಈ ಪ್ರಶ್ನೆ ಈಗ ಹೆಚ್ಚು ಮನೆಗಳನ್ನು ಮುಟ್ಟುತ್ತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಮತ್ತು ತೀರಾ ಹಳತಲ್ಲದ ಪ್ರೊಸೆಸರ್ ಬೇಕು. ಆ ಅರ್ಹತೆಯಿಲ್ಲದ ಲ್ಯಾಪ್‌ಟಾಪು, ಡೆಸ್ಕ್‌ಟಾಪುಗಳಿಗೆ ಲಿನಕ್ಸ್ ಸಹಜವಾದ ಮರುಹುಟ್ಟು. ಅದೇ ಯಂತ್ರಗಳಿಗೆ ವಯಸ್ಸೂ ಆಗಿದೆ: ಡಿಸ್ಕ್ ಸವೆದಿದೆ, ಫ್ಯಾನಿನಲ್ಲಿ ದೂಳು ಕೂತಿದೆ, ಬ್ಯಾಟರಿ ಸೋತಿದೆ. ಇಂಥ ಯಂತ್ರದಲ್ಲಿ ಅಳವಡಿಕೆ ವಿಫಲವಾದಾಗ ತಂತ್ರಾಂಶದ ಸಮಸ್ಯೆಯನ್ನೂ ಹಾರ್ಡ್‌ವೇರ್ ದೋಷವನ್ನೂ ಬೇರ್ಪಡಿಸಿ ನೋಡುವ ಕ್ರಮ ಗೊತ್ತಿರಬೇಕು.

ನಿಂತದ್ದು ಎಲ್ಲಿ?

ಅಳವಡಿಕೆಯಲ್ಲಿ ಐದು ಘಟ್ಟಗಳಿವೆ. ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್ ಎಚ್ಚರಗೊಂಡು ಪೆನ್‌ಡ್ರೈವ್ ಅನ್ನು ಗುರುತಿಸುತ್ತದೆ. ಬಳಿಕ ಗ್ರಬ್ ಎಂಬ ಬೂಟ್‌ಲೋಡರ್ ಮೆನು ತೋರಿಸುತ್ತದೆ. ಮೂರನೆಯದಾಗಿ ಲಿನಕ್ಸ್ ಕರ್ನೆಲ್ ರ‍್ಯಾಮ್‌ಗೆ ಇಳಿದು ಹಾರ್ಡ್‌ವೇರ್‌ಗಳನ್ನು ಒಂದೊಂದಾಗಿ ಚಾಲನೆಗೆ ತರುತ್ತದೆ. ನಾಲ್ಕನೆಯದು ಇನ್‌ಸ್ಟಾಲರ್ ಕಡತಗಳನ್ನು ನಕಲಿಸುವ ಹಂತ. ಐದನೆಯದು ಪೆನ್‌ಡ್ರೈವ್ ತೆಗೆದ ಮೇಲೆ ಡಿಸ್ಕಿನಿಂದ ಆಗುವ ಮೊದಲ ಬೂಟ್. ಯಾವ ಘಟ್ಟದಲ್ಲಿ ನಿಂತಿತು ಎಂಬುದರಿಂದಲೇ ಹುಡುಕಾಟದ ಹರವು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಪೆನ್‌ಡ್ರೈವ್ ಮೆನುವಿನಲ್ಲೇ ಕಾಣದಿದ್ದರೆ ರ‍್ಯಾಮ್ ಪರೀಕ್ಷಿಸುತ್ತ ಕೂರಬೇಕಿಲ್ಲ. ಶೇಕಡ 70 ನಕಲಾದ ಮೇಲೆ ಮುಗ್ಗರಿಸಿದರೆ ಫರ್ಮ್‌ವೇರಿನ ಬೂಟ್ ಸೆಟ್ಟಿಂಗ್ ಕೆದಕಿ ಪ್ರಯೋಜನವಿಲ್ಲ.

ಎರಡನೇ ಸುಳಿವು ಇದಕ್ಕಿಂತ ಬೆಲೆಬಾಳುವಂಥದ್ದು: ಮರುಪ್ರಯತ್ನದಲ್ಲಿ ಅದು ಮತ್ತೆ ಅಲ್ಲೇ ನಿಲ್ಲುತ್ತದೆಯೇ? 1990ರ ದಶಕದಲ್ಲಿ ಲಿನಕ್ಸ್ ಬಳಕೆದಾರರು ಕರ್ನೆಲ್ ಅನ್ನು ಮೂಲಸಂಕೇತದಿಂದ ತಾವೇ ಕಂಪೈಲ್ ಮಾಡಿಕೊಳ್ಳುತ್ತಿದ್ದರು. ಆಗ ಜಿಸಿಸಿ ಕಂಪೈಲರ್ ‘ಸಿಗ್ನಲ್ 11’ ಎಂಬ ದೋಷ ತೋರಿಸಿ ನಡುವೆಯೇ ನಿಂತುಬಿಡುತ್ತಿತ್ತು. ಇದು ಕಂಪೈಲರಿನ ದೋಷವೆಂದೇ ಹಲವರು ನಂಬಿದ್ದರು. ನೆದರ್ಲೆಂಡ್ಸ್‌ನ ರೋಜಿಯರ್ ವೋಲ್ಫ್ ಈ ಒಂದೇ ದೋಷದ ಬಗ್ಗೆ ಬರೆದ ಪ್ರಶ್ನೋತ್ತರ ಮಾಲೆ ಆ ಕಾಲದಲ್ಲಿ ಬಹಳ ಹೆಸರಾಯಿತು. ಅದರ ತಿರುಳು ಸರಳ. ಅದೇ ಆದೇಶವನ್ನು ಮತ್ತೆ ಕೊಟ್ಟಾಗ ಅದೇ ಸಾಲಿನಲ್ಲಿ ನಿಂತರೆ ತಂತ್ರಾಂಶವನ್ನು ಶಂಕಿಸಬೇಕು; ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ಹಾರ್ಡ್‌ವೇರನ್ನು, ಅದರಲ್ಲೂ ಮೆಮೊರಿಯನ್ನು ಶಂಕಿಸಬೇಕು.

ತಂತ್ರಾಂಶಕ್ಕೆ ಅದೇ ಒಳಸುರಿ ಕೊಟ್ಟರೆ ಅದೇ ತಪ್ಪು ಮಾಡುತ್ತದೆ. ಸಡಿಲವಾದ ಪಿನ್ನು, ಕಾದ ಚಿಪ್ಪು, ಏರಿಳಿಯುವ ವೋಲ್ಟೇಜುಗಳಿಗೆ ಅಂಥ ಕಟ್ಟುಪಾಡಿಲ್ಲ. ಈ ನಿಯಮಕ್ಕೂ ಒಂದು ಅಪವಾದವಿದೆ. ಪೆನ್‌ಡ್ರೈವ್ ಅಥವಾ ಡಿಸ್ಕಿನ ಒಂದು ನಿರ್ದಿಷ್ಟ ಭಾಗ ಸತ್ತಿದ್ದರೆ ಅಲ್ಲಿಗೆ ಬಂದಾಗಲೆಲ್ಲ ಕೆಲಸ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಯಂತ್ರವನ್ನು ಬಿಚ್ಚುವ ಮೊದಲು ಪೆನ್‌ಡ್ರೈವ್ ನಂಬಿಕಸ್ಥವೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಮೊದಲ ಆರೋಪಿ ಪೆನ್‌ಡ್ರೈವ್

ಉಬುಂಟು 24.04ರ ಐಎಸ್‌ಒ 5 ಜಿಬಿಗೂ ದೊಡ್ಡದು. ಡೌನ್‌ಲೋಡ್ ನಡುವೆ ಇಂಟರ್‌ನೆಟ್ ತುಂಡಾಗಿ ಕಡತ ಅಪೂರ್ಣವಾಗಬಹುದು. ಇದನ್ನು ಹಿಡಿಯಲು ವಿತರಣೆಯ ಜಾಲತಾಣದಲ್ಲಿ ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಸಹಿ ಕೊಟ್ಟಿರುತ್ತಾರೆ. ಡೌನ್‌ಲೋಡ್ ಆದ ಕಡತದ ಸಹಿಯನ್ನು ವಿಂಡೋಸ್‌ನ ‘ಸರ್ಟ್‌ಯುಟಿಲ್’ ಅಥವಾ ಲಿನಕ್ಸ್‌ನ ‘ಎಸ್‌ಎಚ್‌ಎ256ಸಮ್’ ಆದೇಶದಿಂದ ಲೆಕ್ಕಹಾಕಿ ಎರಡನ್ನೂ ಹೋಲಿಸಬೇಕು. ಒಂದು ಬಿಟ್ ಬದಲಾದರೂ ಸಹಿ ಪೂರ್ತಿ ಬೇರೆಯಾಗುವುದರಿಂದ ಇಲ್ಲಿ ‘ಹೆಚ್ಚುಕಡಿಮೆ ಸರಿ’ ಎಂಬ ಮಾತಿಲ್ಲ.

ಸಹಿ ಹೊಂದಿದ ಮೇಲೂ ಅದನ್ನು ಪೆನ್‌ಡ್ರೈವ್‌ಗೆ ಬರೆಯುವಾಗ ತಪ್ಪಾಗಬಹುದು. ಐಎಸ್‌ಒ ಕಡತವನ್ನು ಸುಮ್ಮನೆ ನಕಲಿಸಿ ಅಂಟಿಸಿದರೆ ಪೆನ್‌ಡ್ರೈವ್ ಬೂಟ್ ಆಗುವುದಿಲ್ಲ; ರೂಫಸ್, ಬಲೀನಾ ಎಚರ್ ಅಥವಾ ವೆಂಟಾಯ್‌ನಂಥ ಸಾಧನ ಬೇಕು. ರೂಫಸ್‌ನಲ್ಲಿ ‘ಐಎಸ್‌ಒ’ ವಿಧಾನ ಕೈಕೊಟ್ಟರೆ ‘ಡಿಡಿ’ ವಿಧಾನದಲ್ಲಿ ಬರೆದು ನೋಡುವುದು ವಾಡಿಕೆ. ಅಗ್ಗದ ಪೆನ್‌ಡ್ರೈವ್‌ಗಳಲ್ಲಿ ಇನ್ನೊಂದು ಮೋಸವಿದೆ. 64 ಜಿಬಿ ಎಂದು ತೋರಿಸಿಕೊಳ್ಳುವ ನಕಲಿ ಮಾಲಿನೊಳಗೆ ನಿಜಕ್ಕೂ ಕೆಲವೇ ಜಿಬಿಯ ಚಿಪ್ ಇರುತ್ತದೆ. ಮಿತಿ ಮೀರಿ ಬರೆದದ್ದೆಲ್ಲ ಸದ್ದಿಲ್ಲದೆ ಮಾಯವಾಗುತ್ತದೆ. ‘ಎಫ್3’, ‘ಎಚ್2ಟೆಸ್ಟ್‌ಡಬ್ಲ್ಯು’ ಎಂಬ ಸಾಧನಗಳು ಪೆನ್‌ಡ್ರೈವ್ ತುಂಬ ಬರೆದು, ಮತ್ತೆ ಓದಿ, ಈ ವಂಚನೆಯನ್ನು ಹಿಡಿಯುತ್ತವೆ.

ಉಬುಂಟು 20.04ರಿಂದ, ಡಿಸ್ಕಿಗೆ ಅಳವಡಿಸದೆ ಪೆನ್‌ಡ್ರೈವ್‌ನಿಂದಲೇ ಓಡುವ ಲೈವ್ ವ್ಯವಸ್ಥೆ ಶುರುವಾಗುವಾಗಲೇ ಕಡತಗಳ ತಪಾಸಣೆ ತಾನಾಗಿ ನಡೆಯುವ ಏರ್ಪಾಡು ಬಂತು. ಅವಸರದವರು ಅದನ್ನು ಕಂಟ್ರೋಲ್-ಸಿ ಒತ್ತಿ ದಾಟಿಸಿಬಿಡುತ್ತಾರೆ. ತೊಂದರೆ ಬಂದ ಮೇಲಾದರೂ ಅದನ್ನು ಮುಗಿಯಲು ಬಿಡಬೇಕು. ‘ಸ್ಕ್ವಾಷ್‌ಎಫ್‌ಎಸ್ ಎರರ್’ ಎಂಬ ಸಾಲುಗಳು ಪರದೆಯ ಮೇಲೆ ಒಂದರ ಹಿಂದೊಂದು ಓಡಿದರೆ ಬೇರೆ ಪೆನ್‌ಡ್ರೈವ್, ಬೇರೆ ಯುಎಸ್‌ಬಿ ಪೋರ್ಟ್‌ನಲ್ಲಿ ಮತ್ತೊಮ್ಮೆ ಪ್ರಯತ್ನಿಸುವುದು ಮೊದಲ ಹೆಜ್ಜೆ. ಆಗಲೂ ಅದೇ ದೋಷ ಬಂದರೆ ಶಂಕೆ ರ‍್ಯಾಮ್ ಕಡೆಗೆ ತಿರುಗುತ್ತದೆ. ಅದೇ ಪೆನ್‌ಡ್ರೈವ್ ಇನ್ನೊಂದು ಕಂಪ್ಯೂಟರಿನಲ್ಲಿ ಸರಾಗವಾಗಿ ಓಡಿದರಂತೂ ಅದು ದೋಷಮುಕ್ತ ಎಂದೇ ಲೆಕ್ಕ.

ದೋಷದಂತೆ ಕಾಣುವ ಸೆಟ್ಟಿಂಗುಗಳು

ಯಂತ್ರ ಕೆಟ್ಟಿದೆ ಎನ್ನಿಸುವ ಹಲವು ಲಕ್ಷಣಗಳ ಮೂಲ ಫರ್ಮ್‌ವೇರಿನ ಸೆಟ್ಟಿಂಗುಗಳಲ್ಲಿದೆ. ಹಳೆಯ ಬಯೋಸ್ ವಿಧಾನದಲ್ಲಿ ಡಿಸ್ಕಿನ ವಿಭಾಗಗಳ ಪಟ್ಟಿ ಎಂಬಿಆರ್ ಎಂಬ 512 ಬೈಟುಗಳ ಮೊದಲ ತುಣುಕಿನಲ್ಲಿರುತ್ತದೆ. ಅದರ ಮಿತಿ ಸುಮಾರು 2 ಟೆರಾಬೈಟ್. ಹೊಸ ಯುಇಎಫ್‌ಐ ವಿಧಾನ ಜಿಪಿಟಿ ಎಂಬ ಪಟ್ಟಿಯನ್ನೂ, ಬೂಟ್ ಕಡತಗಳಿಗಾಗಿ ಫ್ಯಾಟ್32 ರೂಪದ ಪ್ರತ್ಯೇಕ ಇಎಸ್‌ಪಿ ವಿಭಾಗವನ್ನೂ ಬಳಸುತ್ತದೆ. ಹಲವು ಕಂಪ್ಯೂಟರುಗಳು ಎರಡನ್ನೂ ಒಪ್ಪುವುದರಿಂದ ಪೆನ್‌ಡ್ರೈವ್ ಒಂದು ವಿಧಾನದಲ್ಲಿ ಬೂಟ್ ಆಗಿ, ಡಿಸ್ಕಿನಲ್ಲಿರುವ ವಿಂಡೋಸ್ ಇನ್ನೊಂದು ವಿಧಾನದಲ್ಲಿರುವುದು ಸಾಮಾನ್ಯ. ಇಬ್ಬಗೆಯಲ್ಲಿ ನಡೆದ ಅಳವಡಿಕೆ ‘ಯಶಸ್ವಿ’ ಎಂದು ಮುಗಿದರೂ ಮೊದಲ ಬೂಟ್‌ನಲ್ಲಿ ಹೊಸ ಲಿನಕ್ಸ್ ಏಳದಿರಬಹುದು. ಲೈವ್ ಲಿನಕ್ಸ್‌ನಲ್ಲಿ ‘/ಸಿಸ್/ಫರ್ಮ್‌ವೇರ್/ಇಎಫ್‌ಐ’ ಎಂಬ ಫೋಲ್ಡರ್ ಇದ್ದರೆ ಪೆನ್‌ಡ್ರೈವ್ ಯುಇಎಫ್‌ಐ ವಿಧಾನದಲ್ಲಿ ಬೂಟ್ ಆಗಿದೆ ಎಂದರ್ಥ.

ಇನ್‌ಸ್ಟಾಲರಿಗೆ ಡಿಸ್ಕೇ ಕಾಣಿಸದಿದ್ದಾಗ ಡಿಸ್ಕ್ ಸತ್ತಿದೆ ಎಂದು ಅಂಗಡಿಗೆ ಓಡುವವರಿದ್ದಾರೆ. ಇಂಟೆಲ್ ಯಂತ್ರಗಳಲ್ಲಿ ಡಿಸ್ಕನ್ನು ‘ಆರ್‌ಎಸ್‌ಟಿ’ ಅಥವಾ ‘ರೈಡ್’ ವಿಧಾನದಲ್ಲಿಟ್ಟಿದ್ದರೆ ಹೀಗಾಗುತ್ತದೆ. 11ನೇ ತಲೆಮಾರಿನಿಂದೀಚಿನ ಲ್ಯಾಪ್‌ಟಾಪುಗಳಲ್ಲಿ ‘ವಿಎಂಡಿ’ ಎಂಬ ಸೆಟ್ಟಿಂಗ್‌ನಿಂದಲೂ ಆಗಬಹುದು. ‘ಎಎಚ್‌ಸಿಐ’ಗೆ ಬದಲಿಸಿದರೆ ಅಥವಾ ವಿಎಂಡಿ ಆಫ್ ಮಾಡಿದರೆ ಡಿಸ್ಕ್ ಪ್ರತ್ಯಕ್ಷ. ಆದರೆ ಜೊತೆಯಲ್ಲಿ ವಿಂಡೋಸ್ ಇದ್ದು ಅದನ್ನು ಉಳಿಸಿಕೊಳ್ಳಬೇಕಿದ್ದರೆ ಪೂರ್ವಸಿದ್ಧತೆಯಿಲ್ಲದೆ ಇದನ್ನು ಬದಲಿಸಬಾರದು, ವಿಂಡೋಸ್ ಬೂಟ್ ಆಗದೇ ಹೋಗುತ್ತದೆ. ವಿಂಡೋಸ್‌ನ ಬಿಟ್‌ಲಾಕರ್ ಬೀಗವಿರುವ ಡಿಸ್ಕಿನಲ್ಲಿ ಇಂಥ ಬದಲಾವಣೆ ಮಾಡಿದರೆ ಮರುಬೂಟ್‌ನಲ್ಲಿ 48 ಅಂಕಿಗಳ ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಕೂಡ ತೊಡಕು ತರುತ್ತದೆ. ಅದು ಯಂತ್ರವನ್ನು ಪೂರ್ತಿ ಆರಿಸದೆ ಅರೆನಿದ್ರೆಗೆ ಕಳಿಸುವುದರಿಂದ ಡಿಸ್ಕಿನ ವಿಭಾಗವನ್ನು ಲಿನಕ್ಸ್ ಬದಲಿಸಲು ಒಪ್ಪುವುದಿಲ್ಲ.

ಪ್ರೊಸೆಸರ್ ತೀರಾ ಹಳೆಯದಾದರೂ ಅಳವಡಿಕೆ ನಡೆಯದು. ಉಬುಂಟು 17.10ರಿಂದಲೇ 32 ಬಿಟ್ ಯಂತ್ರಗಳಿಗೆ ಡೆಸ್ಕ್‌ಟಾಪ್ ಐಎಸ್‌ಒ ಕೊಡುವುದನ್ನು ನಿಲ್ಲಿಸಿತು. 2025ರಲ್ಲಿ ಬಂದ ಡೆಬಿಯನ್ ವಿತರಣೆಯ 13ನೇ ಆವೃತ್ತಿಯಲ್ಲಿ 32 ಬಿಟ್ ಪಿಸಿಗಳ ಇನ್‌ಸ್ಟಾಲರ್ ಇಲ್ಲ. ಪ್ರೊಸೆಸರ್ 64 ಬಿಟ್ ಅಲ್ಲ ಎಂದು ಕರ್ನೆಲ್ ಒಂದೇ ಸಾಲಿನಲ್ಲಿ ಹೇಳಿ ನಿಂತರೆ ಕೆಟ್ಟದ್ದೇನೂ ಇಲ್ಲ, ಆಯ್ಕೆ ಮಾತ್ರ ತಪ್ಪಿದೆ.

ಕಪ್ಪು ಪರದೆ

ಗ್ರಬ್ ಮೆನು ಬಂತು, ‘ಇನ್‌ಸ್ಟಾಲ್’ ಆರಿಸಿದ್ದಾಯಿತು, ಆಮೇಲೆ ಪರದೆ ಕಪ್ಪು. ಗ್ರಾಫಿಕ್ಸ್ ಕಾರ್ಡ್ ಸುಟ್ಟಿತೆಂಬ ಗಾಬರಿ ಇಲ್ಲಿ ಸಹಜ. ಆದರೆ ಗ್ರಬ್ ಮೆನು ಕಾಣಿಸಿತೆಂದರೆ ಕಾರ್ಡಿನ ಮೂಲ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ಹೆಚ್ಚಿನ ವೇಳೆ ಕರ್ನೆಲ್‌ನ ಡ್ರೈವರ್, ಅದರಲ್ಲೂ ಎನ್‌ವಿಡಿಯಾ ಕಾರ್ಡುಗಳ ‘ನೂವೋ’ ಡ್ರೈವರ್, ಆ ಕಾರ್ಡನ್ನು ಹೊಸ ರೆಸಲ್ಯೂಶನ್‌ಗೆ ತರುವಾಗ ಎಡವಿರುತ್ತದೆ.

ಪರಿಹಾರಕ್ಕೆ ಕೆಲವೇ ಕೀಲಿಗಳು ಸಾಕು. ಗ್ರಬ್ ಮೆನುವಿನಲ್ಲಿ ಬೇಕಾದ ಸಾಲಿನ ಮೇಲೆ ನಿಂತು ‘ಇ’ ಒತ್ತಿದರೆ ಒಂದು ಚಿಕ್ಕ ಪಠ್ಯ ತೆರೆಯುತ್ತದೆ. ಅದರಲ್ಲಿ ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ‘ಕ್ವಯಟ್’, ‘ಸ್ಪ್ಲ್ಯಾಷ್’ ಎಂಬ ಪದಗಳಿರುತ್ತವೆ. ಅವೆರಡನ್ನು ಅಳಿಸಿ ‘ನೋಮೋಡ್‌ಸೆಟ್’ ಎಂದು ಸೇರಿಸಿ ಎಫ್10 ಒತ್ತಿದರೆ ಕರ್ನೆಲ್ ಗ್ರಾಫಿಕ್ಸ್ ಡ್ರೈವರಿನ ತಂಟೆಗೆ ಹೋಗದೆ, ಫರ್ಮ್‌ವೇರ್ ಕೊಟ್ಟ ಸರಳ ಪರದೆಯಲ್ಲೇ ಮುಂದುವರಿಯುತ್ತದೆ. ಅಳವಡಿಕೆ ಮುಗಿದ ಮೇಲೆ ಸರಿಯಾದ ಡ್ರೈವರ್ ಹಾಕಿ ಈ ಪದವನ್ನು ತೆಗೆಯಬಹುದು. ‘ಕ್ವಯಟ್’ ಅಳಿಸಿದ್ದರ ಲಾಭ ಬೇರೆಯೇ: ಅದುವರೆಗೆ ಅಡಗಿದ್ದ ಕರ್ನೆಲ್ ಸಂದೇಶಗಳು ಪರದೆಯಲ್ಲಿ ಹರಿಯುತ್ತವೆ, ಎಲ್ಲಿ ನಿಂತಿತು ಎಂಬುದು ಕೊನೆಯ ಸಾಲುಗಳಲ್ಲಿ ಸಿಗುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದು ಜಾಣತನ.

‘ಎರರ್ 5’ ಹೇಳುವ ಕಥೆ

ನಕಲಿಸುವ ಹಂತದಲ್ಲಿ ಬರುವ ದೋಷಗಳಲ್ಲಿ ಹಳೆಯ ಉಬುಂಟು ಇನ್‌ಸ್ಟಾಲರಿನ ‘ಎರರ್ ಸಂಖ್ಯೆ 5: ಇನ್‌ಪುಟ್/ಔಟ್‌ಪುಟ್ ಎರರ್’ ಪ್ರಸಿದ್ಧವಾದದ್ದು. ಅದರ ಜೊತೆಗಿನ ವಿವರಣೆಯೇ ಒಂದು ಪುಟ್ಟ ಪಾಠದಂತಿತ್ತು. ಸಿಡಿ ಅಥವಾ ಡಿಸ್ಕ್ ಕೆಟ್ಟಿರಬಹುದು, ಸಿಡಿ ಒರೆಸಿ ನೋಡಿ, ಕಡಿಮೆ ವೇಗದಲ್ಲಿ ಮತ್ತೆ ಬರೆಯಿರಿ, ಹಾರ್ಡ್‌ಡಿಸ್ಕ್ ಹಳತಾಗಿದೆಯೇ ನೋಡಿ, ಯಂತ್ರವನ್ನು ತಂಪಾದ ಜಾಗಕ್ಕೆ ಒಯ್ಯಿರಿ ಎಂದು ಅದು ಹೇಳುತ್ತಿತ್ತು. ಸಂಖ್ಯೆ 5 ಯುನಿಕ್ಸ್ ಕುಟುಂಬದ ಎಲ್ಲ ವ್ಯವಸ್ಥೆಗಳಿಗೂ ಸಾಮಾನ್ಯವಾದ ಸಂಕೇತ. ಕೇಳಿದ ಮಾಹಿತಿಯನ್ನು ಸಾಧನ ಕೊಡಲಿಲ್ಲ ಅಥವಾ ಕೊಟ್ಟದ್ದನ್ನು ಬರೆದುಕೊಳ್ಳಲಿಲ್ಲ ಎಂದು ಅದರರ್ಥ. ಸಂಖ್ಯೆ 28 ಬಂದರೆ ಜಾಗ ಸಾಲದು. ಸಂಖ್ಯೆ 30 ಬಂದರೆ ಕಡತ ವ್ಯವಸ್ಥೆ ಓದಲು ಮಾತ್ರ ತೆರೆದಿದೆ. ಈ ಮೂರೂ ಬೇರೆ ಬೇರೆ ಕಾಯಿಲೆಗಳು.

ಇನ್‌ಸ್ಟಾಲರಿನ ಸಂದೇಶ ಸಾರಾಂಶವಷ್ಟೆ. ಪೂರ್ತಿ ವಿವರ ಕರ್ನೆಲ್‌ನ ದಾಖಲೆಯಲ್ಲಿರುತ್ತದೆ. ಲೈವ್ ವ್ಯವಸ್ಥೆಯಲ್ಲಿ ಟರ್ಮಿನಲ್ ತೆರೆದು, ಪರದೆ ಸಿಕ್ಕಿಹಾಕಿಕೊಂಡಿದ್ದರೆ ಕಂಟ್ರೋಲ್-ಆಲ್ಟ್-ಎಫ್2 ಅಥವಾ ಎಫ್3 ಒತ್ತಿ, ‘ಡಿಎಂಇಎಸ್‌ಜಿ’ ಆದೇಶ ಕೊಟ್ಟರೆ ಆ ದಾಖಲೆ ಕಾಣುತ್ತದೆ. ‘ಐ/ಒ ಎರರ್’ ಎಂಬ ಸಾಲಿನಲ್ಲಿ ಸಾಧನದ ಹೆಸರು, ಸೆಕ್ಟರ್ ಸಂಖ್ಯೆ ಎರಡೂ ಇರುತ್ತವೆ. ಹೆಸರು ಪೆನ್‌ಡ್ರೈವಿನದೋ ಒಳಗಿನ ಡಿಸ್ಕಿನದೋ ಎಂದು ನೋಡಿದರೆ ಅರ್ಧ ತೀರ್ಪು ಬಂದಂತೆ. ‘ಎಂಸಿಇ’, ‘ಹಾರ್ಡ್‌ವೇರ್ ಎರರ್’ ಎಂಬ ಪದಗಳು ಕಂಡರೆ ಪ್ರೊಸೆಸರೇ ತನ್ನೊಳಗಿನ ಅಥವಾ ಮೆಮೊರಿಯ ತಪ್ಪನ್ನು ಪತ್ತೆಹಚ್ಚಿ ವರದಿ ಮಾಡಿದೆ. ಏನೂ ದಾಖಲಾಗದೆ ಯಂತ್ರ ಪಟ್ಟನೆ ಆರಿದರೆ ಆ ಮೌನವೂ ಒಂದು ಸುಳಿವು: ಬರೆಯಲು ಸಮಯವೇ ಸಿಗದಷ್ಟು ಬೇಗ ವಿದ್ಯುತ್ ಕಡಿದಿದೆ.

ರ‍್ಯಾಮ್ ಪರೀಕ್ಷೆ

ತಾಣ ಬದಲಿಸುವ ದೋಷಗಳಲ್ಲಿ ಮೊದಲ ಶಂಕೆ ರ‍್ಯಾಮ್ ಮೇಲೆ. 2009ರಲ್ಲಿ ಗೂಗಲ್ ತನ್ನ ಸರ್ವರ್‌ಗಳ ಮೆಮೊರಿ ದೋಷಗಳ ಬಗ್ಗೆ ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ಶೇಕಡ 8ಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳು ಕನಿಷ್ಠ ಒಂದು ದೋಷ ತೋರಿದ್ದವು. ಸರ್ವರ್‌ಗಳಲ್ಲಿ ಇಂಥ ತಪ್ಪನ್ನು ತಿದ್ದುವ ಇಸಿಸಿ ಮೆಮೊರಿ ಇರುತ್ತದೆ. ಮನೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ತಪ್ಪಾದದ್ದು ತಪ್ಪಾಗಿಯೇ ಡಿಸ್ಕಿಗೆ ಹೋಗುತ್ತದೆ.

ಪರೀಕ್ಷೆಗೆ ಮೆಮ್‌ಟೆಸ್ಟ್86+ ಎಂಬ ಉಚಿತ ಸಾಧನವಿದೆ. ಆಪರೇಟಿಂಗ್ ಸಿಸ್ಟಂನ ಹಂಗಿಲ್ಲದೆ ನೇರವಾಗಿ ಬೂಟ್ ಆಗಿ, ಮೆಮೊರಿಯ ಬಹುತೇಕ ಪ್ರತಿ ಕೋಶಕ್ಕೂ ಬಗೆಬಗೆಯ ವಿನ್ಯಾಸಗಳನ್ನು ಬರೆದು ಓದುತ್ತದೆ. 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಅದು ಯುಇಎಫ್‌ಐ ಯಂತ್ರಗಳಲ್ಲೂ ಓಡುತ್ತದೆ. ಕನಿಷ್ಠ ಒಂದು ಪೂರ್ತಿ ಸುತ್ತು ಮುಗಿಯಬೇಕು, ರಾತ್ರಿಯಿಡೀ ಓಡಿಸಿದರೆ ಒಳ್ಳೆಯದು. ಕೆಲವು ಕೋಶಗಳು ಬಿಸಿಯಾದ ಮೇಲಷ್ಟೇ ತಪ್ಪುತ್ತವೆ. ಫಲಿತಾಂಶದಲ್ಲಿ ಸೊನ್ನೆಯೊಂದೇ ಉತ್ತೀರ್ಣ ಅಂಕ. ಒಂದು ಕೆಂಪು ಸಾಲು ಬಂದರೂ ಆ ಯಂತ್ರದಲ್ಲಿ ಅಳವಡಿಕೆ ಮುಂದುವರಿಸಬಾರದು.

ಕೆಂಪು ಸಾಲು ಬಂದ ಮಾತ್ರಕ್ಕೆ ಪಟ್ಟಿಯೇ ಕೆಟ್ಟಿದೆ ಎಂದೂ ಅಲ್ಲ. ಯಂತ್ರ ಆರಿಸಿ, ಪವರ್ ಕೇಬಲ್ ತೆಗೆದು, ಪಟ್ಟಿಯನ್ನು ಕಳಚಿ ಮತ್ತೆ ಒತ್ತಿ ಕೂರಿಸಿದರೆ ಎಷ್ಟೋ ಸಲ ದೋಷ ಹೋಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಪಟ್ಟಿಯ ಅಂಚಿನ ಸಂಪರ್ಕಗಳ ಮೇಲೆ ಮಬ್ಬು ಕಟ್ಟುವುದುಂಟು; ರಿಪೇರಿಯವರು ಅದನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿಯನ್ನು ಕೊಡವುತ್ತಾರೆ. ಆಮೇಲೂ ದೋಷ ಉಳಿದರೆ ಒಂದೊಂದೇ ಪಟ್ಟಿಯನ್ನು ಒಂದೊಂದು ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಬೇಕು. ಒಂದೇ ಪಟ್ಟಿ ಎಲ್ಲ ಸ್ಲಾಟುಗಳಲ್ಲೂ ತಪ್ಪಿದರೆ ಕೆಟ್ಟಿರುವುದು ಪಟ್ಟಿ. ಎಲ್ಲ ಪಟ್ಟಿಗಳೂ ಒಂದೇ ಸ್ಲಾಟಿನಲ್ಲಿ ತಪ್ಪಿದರೆ ಮದರ್‌ಬೋರ್ಡ್. ಬಿಡಿಬಿಡಿಯಾಗಿ ಪಾಸಾಗಿ ಜೊತೆಯಲ್ಲಿ ಮಾತ್ರ ತಪ್ಪಿದರೆ ಪಟ್ಟಿಗಳ ವೇಗ ಹೊಂದುತ್ತಿಲ್ಲ. ಫರ್ಮ್‌ವೇರ್‌ನಲ್ಲಿ ರ‍್ಯಾಮ್ ವೇಗ ಹೆಚ್ಚಿಸುವ ‘ಎಕ್ಸ್‌ಎಂಪಿ’ ಸೆಟ್ಟಿಂಗ್ ಆಫ್ ಮಾಡಿ ನೋಡಬೇಕು. ರ‍್ಯಾಮ್ ಬೆಸುಗೆ ಹಾಕಿರುವ ಲ್ಯಾಪ್‌ಟಾಪುಗಳಲ್ಲಿ ಈ ಅದಲುಬದಲಿಗೆ ಅವಕಾಶವಿಲ್ಲ. ಕೆಟ್ಟ ವಿಳಾಸ ಒಂದೇ ಕಡೆಯಿದ್ದರೆ ‘ಮೆಮ್‌ಮ್ಯಾಪ್’ ಸೂಚನೆಯಿಂದ ಆ ಭಾಗವನ್ನು ಬಳಸದಂತೆ ಕರ್ನೆಲ್‌ಗೆ ಹೇಳಬಹುದು. ಆದರೆ ಇದು ತಾತ್ಕಾಲಿಕ ತೇಪೆ.

ಡಿಸ್ಕಿನ ಆರೋಗ್ಯ

ಹಾರ್ಡ್‌ಡಿಸ್ಕ್, ಎಸ್‌ಎಸ್‌ಡಿಗಳು ತಮ್ಮ ಆರೋಗ್ಯವನ್ನು ‘ಸ್ಮಾರ್ಟ್’ ಎಂಬ ವ್ಯವಸ್ಥೆಯಲ್ಲಿ ತಾವೇ ದಾಖಲಿಸಿಕೊಳ್ಳುತ್ತವೆ. ಲೈವ್ ಲಿನಕ್ಸ್‌ನಲ್ಲಿ ‘ಸ್ಮಾರ್ಟ್‌ಸಿಟಿಎಲ್’ ಆದೇಶದಿಂದ ಅದನ್ನು ಓದಬಹುದು. ಪಟ್ಟಿ ಉದ್ದವಿದ್ದರೂ ಹಾರ್ಡ್‌ಡಿಸ್ಕಿನಲ್ಲಿ ನೋಡಬೇಕಾದ ಸಾಲುಗಳು ನಾಲ್ಕು. ಸಂಖ್ಯೆ 5, ಕೆಟ್ಟು ಬದಲಿ ಜಾಗಕ್ಕೆ ಸಾಗಿಸಲಾದ ಸೆಕ್ಟರುಗಳು. ಸಂಖ್ಯೆ 197, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು. ಸಂಖ್ಯೆ 198, ಸರಿಪಡಿಸಲಾಗದವು. ಸಂಖ್ಯೆ 199, ಸಾಗಣೆಯಲ್ಲಿ ಆದ ತಪ್ಪುಗಳು. ಮೊದಲ ಮೂರು ಏರುತ್ತಿದ್ದರೆ ಡಿಸ್ಕ್ ಕೆಡುತ್ತಿದೆ. ನಾಲ್ಕನೆಯದೊಂದೇ ಏರುತ್ತಿದ್ದರೆ ಹೆಚ್ಚಾಗಿ ತಪ್ಪು ಸಾಟಾ ಕೇಬಲಿನದು. ಅದನ್ನು ಬದಲಿಸಿದರೆ ಮುಗಿಯಿತು.

ವರದಿಯಲ್ಲಿ ‘ಪಾಸ್ಡ್’ ಎಂದು ಬರೆದಿರುವುದನ್ನು ಪೂರ್ತಿ ನಂಬುವಂತಿಲ್ಲ. ಗೂಗಲ್ 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಮೇಲೆ ನಡೆಸಿದ ಅಧ್ಯಯನ ಇದಕ್ಕೆ ಆಧಾರ. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ತೋರಿದ ಡಿಸ್ಕುಗಳು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಉಳಿದವಕ್ಕಿಂತ 39 ಪಟ್ಟು ಹೆಚ್ಚಿತ್ತು. ಇನ್ನೊಂದೆಡೆ, ಕೆಟ್ಟುಹೋದ ಡಿಸ್ಕುಗಳಲ್ಲಿ ಶೇಕಡ 56ರಷ್ಟು, ಅತಿ ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚಕಗಳಲ್ಲಿ ಒಂದನ್ನೂ ತೋರಿರಲಿಲ್ಲ. ಎಂದರೆ ಕೆಟ್ಟ ವರದಿಯನ್ನು ನಂಬಬೇಕು, ಒಳ್ಳೆಯ ವರದಿಯನ್ನು ಜಾಮೀನು ಎಂದುಕೊಳ್ಳಬಾರದು. ಎರಡು ನಿಮಿಷದ ಕಿರು ಪರೀಕ್ಷೆಗೆ ತೃಪ್ತರಾಗದೆ, ಇಡೀ ಮೇಲ್ಮೈ ಓದುವ ದೀರ್ಘ ಪರೀಕ್ಷೆಯನ್ನೂ ನಡೆಸಬೇಕು.

ಎಸ್‌ಎಸ್‌ಡಿ ಮತ್ತು ಅಗ್ಗದ ಲ್ಯಾಪ್‌ಟಾಪುಗಳ ಇಎಂಎಂಸಿ ಸಂಗ್ರಹ ಚಿಪ್ ಸಾಯುವ ರೀತಿ ಬೇರೆ. ಆಯಸ್ಸು ತೀರಿದ ಕೆಲವು ಚಿಪ್ಪುಗಳು ಓದಲು ಮಾತ್ರ ಸಿಗುತ್ತವೆ. ಇನ್ನು ಕೆಲವು ಬರೆದುಕೊಂಡಂತೆ ನಟಿಸುತ್ತವೆ: ಇನ್‌ಸ್ಟಾಲರ್ ವಿಭಾಗಗಳನ್ನು ಅಳಿಸಿ ಹೊಸದು ಮಾಡಿದೆ ಎನ್ನುತ್ತದೆ, ಮರುಬೂಟ್ ಆದರೆ ಹಳೆಯ ವಿಂಡೋಸ್ ವಿಭಾಗಗಳು ಇದ್ದಲ್ಲೇ ಇರುತ್ತವೆ. ಅಂಥ ಸಾಧನಕ್ಕೆ ಚಿಕಿತ್ಸೆಯಿಲ್ಲ. ಯಾವುದೇ ಡಿಸ್ಕ್ ಕೆಡುವ ಲಕ್ಷಣ ತೋರಿದರೂ ಅಳವಡಿಕೆಯನ್ನು ಬದಿಗಿಟ್ಟು, ಒಳಗಿನ ಫೋಟೊ, ದಾಖಲೆಗಳನ್ನು ‘ಡಿಡಿರೆಸ್ಕ್ಯೂ’ನಂಥ ಸಾಧನದಿಂದ ಬೇರೆಡೆಗೆ ಸಾಗಿಸುವುದೇ ಮೊದಲ ಕೆಲಸ.

ವಿದ್ಯುತ್, ಬಿಸಿ, ಬ್ಯಾಟರಿ

ಡೆಸ್ಕ್‌ಟಾಪಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ 12 ವೋಲ್ಟ್ ಸಾಲಿನಲ್ಲಿ ಶೇಕಡ 5ರ ಆಚೀಚೆ, ಎಂದರೆ 11.4ರಿಂದ 12.6 ವೋಲ್ಟ್ ಒಳಗೆ ಇರಬೇಕು. ಹಳೆಯ ಎಸ್‌ಎಂಪಿಎಸ್ ಬರೀ ಟೈಪಿಂಗಿನ ಹೊರೆಗೆ ತಡೆದುಕೊಂಡು, ಪ್ರೊಸೆಸರ್ ಮತ್ತು ಡಿಸ್ಕ್ ಒಟ್ಟಿಗೆ ದುಡಿಯುವಾಗ ಕುಸಿಯುತ್ತದೆ. 2000ದ ದಶಕದ ಮೊದಲ ವರ್ಷಗಳ ಬೋರ್ಡುಗಳಲ್ಲಿ ದೋಷಯುಕ್ತ ಕೆಪಾಸಿಟರುಗಳು ತಲೆ ಉಬ್ಬಿ ಸೋರಿದ್ದು ಜಗತ್ತಿನಾದ್ಯಂತ ಕಂಡ ಪಿಡುಗು; ಇಂದಿಗೂ ಹಳೆಯ ಬೋರ್ಡ್ ಬಿಚ್ಚಿದಾಗ ಚಪ್ಪಟೆಯಾಗಿರಬೇಕಾದ ಆ ಲೋಹದ ತಲೆಗಳು ಉಬ್ಬಿವೆಯೇ ಎಂದು ಕಣ್ಣಾಡಿಸುವುದು ವಾಡಿಕೆ. ಮನೆಯಲ್ಲಿ ಎಸ್‌ಎಂಪಿಎಸ್ ಪರೀಕ್ಷಿಸಲು ಸುಲಭವಾದ ದಾರಿ, ಚೆನ್ನಾಗಿರುವ ಇನ್ನೊಂದನ್ನು ಜೋಡಿಸಿ ನೋಡುವುದು. ಎಸ್‌ಎಂಪಿಎಸ್‌ನ ಒಳಭಾಗವನ್ನು ಮಾತ್ರ ಬಿಚ್ಚಬಾರದು; ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಬಿಸಿಯೂ ಇದೇ ಬಗೆಯ ದೋಷ ತರುತ್ತದೆ. ಮೊದಲ ಹತ್ತು ನಿಮಿಷ ಸರಿಯಿದ್ದು ಆಮೇಲೆ ನಿಲ್ಲುವ, ತಣ್ಣಗಾದ ಮೇಲೆ ಮತ್ತೆ ಸರಿಯಾಗುವ ಯಂತ್ರದಲ್ಲಿ ಫ್ಯಾನ್, ದೂಳು, ಒಣಗಿದ ಥರ್ಮಲ್ ಪೇಸ್ಟ್ ನೋಡಬೇಕು. ಬಿಸಿ ಮಿತಿ ಮೀರಿದ್ದರಿಂದ ಪ್ರೊಸೆಸರ್ ವೇಗ ತಗ್ಗಿಸಿಕೊಂಡಾಗ ಕರ್ನೆಲ್ ದಾಖಲೆಯಲ್ಲಿ ಆ ಸಂದೇಶವೂ ಇರುತ್ತದೆ.

ಪ್ರೊಸೆಸರೇ ಕೆಡುವುದು ಅಪರೂಪ, ಆದರೆ ಅಸಾಧ್ಯವಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಹೆಚ್ಚಿನ ವೋಲ್ಟೇಜಿನಿಂದ ಕಾಲಕ್ರಮೇಣ ಸವೆದು ಅಸ್ಥಿರವಾದದ್ದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ಅಡಕಿಸಿದ ಕಡತ ಬಿಚ್ಚುವಾಗ ತಪ್ಪುವುದು ಅದರ ಒಂದು ಲಕ್ಷಣವಾಗಿತ್ತು; ಇನ್‌ಸ್ಟಾಲರಿನ ಮುಖ್ಯ ಕೆಲಸವೂ ಅದೇ. ಇಂಟೆಲ್ ಮೈಕ್ರೋಕೋಡ್ ತಿದ್ದುಪಡಿ ಬಿಡುಗಡೆ ಮಾಡಿ, ಆ ಪ್ರೊಸೆಸರುಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ತಿದ್ದುಪಡಿ ಮುಂದಿನ ಸವೆತವನ್ನು ತಡೆಯುತ್ತದೆಯೇ ಹೊರತು ಆಗಿರುವ ಹಾನಿಯನ್ನು ಸರಿಪಡಿಸದು.

ಚಿಕ್ಕದೊಂದು ಭಾಗವೂ ದೊಡ್ಡ ಗೊಂದಲ ಎಬ್ಬಿಸಬಲ್ಲದು. ಮದರ್‌ಬೋರ್ಡಿನ ಸಿಆರ್2032 ನಾಣ್ಯ ಬ್ಯಾಟರಿ ಮುಗಿದರೆ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸುರಕ್ಷತಾ ಪ್ರಮಾಣಪತ್ರಗಳು ‘ಇನ್ನೂ ಜಾರಿಗೆ ಬಂದಿಲ್ಲ’ ಎನ್ನಿಸಿ, ಇನ್‌ಸ್ಟಾಲರ್ ಸರ್ವರಿನಿಂದ ಪ್ಯಾಕೇಜ್ ಪಡೆಯಲು ನಿರಾಕರಿಸುತ್ತದೆ. ಇಂಟರ್‌ನೆಟ್ ಸಮಸ್ಯೆಯಂತೆ ಕಾಣುವ ಇದರ ಮದ್ದು ಅಗ್ಗದ ಒಂದು ಬ್ಯಾಟರಿ.

ಅಳವಡಿಕೆ ಮುಗಿದ ಮೇಲೂ

ಎಲ್ಲ ಮುಗಿದು ಮರುಬೂಟ್ ಆದಾಗ ‘ಗ್ರಬ್ ರೆಸ್ಕ್ಯೂ’ ಎಂಬ ಕಪ್ಪು ಪರದೆ ಬಂದರೆ ಬೂಟ್‌ಲೋಡರಿಗೆ ತನ್ನ ಕಡತಗಳು ಸಿಕ್ಕಿಲ್ಲ. ‘ಬೂಟ್ ಸಾಧನವಿಲ್ಲ’ ಎಂದರೆ ಫರ್ಮ್‌ವೇರಿಗೆ ಬೂಟ್‌ಲೋಡರೇ ಸಿಕ್ಕಿಲ್ಲ. ಬೂಟ್ ಕ್ರಮ ಬದಲಿಸುವುದರಿಂದ ಅಥವಾ ಲೈವ್ ವ್ಯವಸ್ಥೆಯಿಂದ ಗ್ರಬ್ ಮರುಸ್ಥಾಪಿಸುವುದರಿಂದ ಇವು ಸರಿಯಾಗುತ್ತವೆ. ವೈಫೈ ಕಾಣದಿದ್ದರೆ ಕಾರ್ಡ್ ಕೆಟ್ಟಿದೆ ಎನ್ನುವ ಮೊದಲು ಅದರ ಫರ್ಮ್‌ವೇರ್ ಕಡತ ಇದೆಯೇ ನೋಡಬೇಕು. ಮುಕ್ತವಲ್ಲದ ಇಂಥ ಫರ್ಮ್‌ವೇರ್‌ಗಳನ್ನು ಬಹುಕಾಲ ಹೊರಗಿಟ್ಟಿದ್ದ ಡೆಬಿಯನ್ ಕೂಡ 2023ರ 12ನೇ ಆವೃತ್ತಿಯಿಂದ ಅಧಿಕೃತ ಇನ್‌ಸ್ಟಾಲರಿನಲ್ಲಿ ಸೇರಿಸಿಕೊಂಡಿತು.

ಲಿನಕ್ಸ್ ಹಾಕಿದ್ದರಿಂದಲೇ ಹಾರ್ಡ್‌ವೇರ್ ಕೆಟ್ಟಿತು ಎಂಬ ದೂರಿಗೂ ಚರಿತ್ರೆಯಲ್ಲಿ ಆಧಾರಗಳಿವೆ. 2003ರಲ್ಲಿ ಮಾಂಡ್ರೇಕ್ ಎಂಬ ವಿತರಣೆಯ 9.2 ಆವೃತ್ತಿ ಅಳವಡಿಸಿದಾಗ ಎಲ್‌ಜಿಯ ಕೆಲವು ಸಿಡಿ ಡ್ರೈವ್‌ಗಳು ಸತ್ತವು. ಕರ್ನೆಲ್ ಕಳಿಸಿದ್ದು ‘ಕ್ಯಾಷ್ ಖಾಲಿ ಮಾಡು’ ಎಂಬ ಮಾನ್ಯ ಆದೇಶ. ಆ ಡ್ರೈವ್‌ಗಳಲ್ಲಿ ಅದೇ ಆದೇಶವನ್ನು ಫರ್ಮ್‌ವೇರ್ ಬದಲಿಸಲು ಬಳಸಲಾಗಿತ್ತು. 2013ರಲ್ಲಿ ಸ್ಯಾಮ್‌ಸಂಗ್‌ನ ಕೆಲವು ಲ್ಯಾಪ್‌ಟಾಪುಗಳು ಯುಇಎಫ್‌ಐ ವಿಧಾನದಲ್ಲಿ ಲಿನಕ್ಸ್ ಬೂಟ್ ಮಾಡಿದ ಮೇಲೆ ಏಳಲೇ ಇಲ್ಲ. ಫರ್ಮ್‌ವೇರಿನ ಸ್ಮರಣೆಗೆ ಹೆಚ್ಚು ಬರೆದರೆ ವಿಂಡೋಸ್‌ನಿಂದಲೂ ಅದೇ ಗತಿ ಎಂದು ಕರ್ನೆಲ್ ತಜ್ಞ ಮ್ಯಾಥ್ಯೂ ಗ್ಯಾರೆಟ್ ತೋರಿಸಿದರು. 2017ರ ಡಿಸೆಂಬರಿನಲ್ಲಿ ಮಾತ್ರ ತಪ್ಪು ಲಿನಕ್ಸ್ ಕಡೆಯದೇ ಆಗಿತ್ತು. ಉಬುಂಟು 17.10ರಲ್ಲಿದ್ದ ಒಂದು ಇಂಟೆಲ್ ಡ್ರೈವರ್ ಲೆನೊವೊ ಮತ್ತಿತರ ಲ್ಯಾಪ್‌ಟಾಪುಗಳ ಬಯೋಸ್ ಸೆಟ್ಟಿಂಗುಗಳನ್ನು ಕೆಡಿಸಿತು. ಉಬುಂಟು ಹೊರತರುವ ಕ್ಯಾನೊನಿಕಲ್ ಕಂಪನಿ ಐಎಸ್‌ಒ ಹಿಂತೆಗೆದು, 2018ರ ಜನವರಿಯಲ್ಲಿ ತಿದ್ದಿದ ಆವೃತ್ತಿ ಕೊಟ್ಟಿತು. ಇಂಥವು ಬೆರಳೆಣಿಕೆಯಷ್ಟು ಎಂಬ ಕಾರಣಕ್ಕೇ ಇಂದಿಗೂ ನೆನಪಿನಲ್ಲಿವೆ.

ತೀರ್ಮಾನಕ್ಕೆ ಬರುವ ಕ್ರಮ

ಹುಡುಕಾಟದಲ್ಲಿ ಮುರಿಯಬಾರದ ನಿಯಮ, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಪೆನ್‌ಡ್ರೈವ್, ರ‍್ಯಾಮ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದಾಗ ಯಂತ್ರ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ. ಚೆನ್ನಾಗಿದ್ದ ಭಾಗವನ್ನು ಎಸೆದಿರಲೂಬಹುದು. ಖರ್ಚಿಲ್ಲದ್ದು ಮೊದಲು, ಬಿಚ್ಚಬೇಕಾದದ್ದು ಆಮೇಲೆ, ಕೊಳ್ಳಬೇಕಾದದ್ದು ಕೊನೆಗೆ. ಸಹಿ ಹೋಲಿಕೆ, ಬೇರೆ ಪೆನ್‌ಡ್ರೈವ್, ಫರ್ಮ್‌ವೇರ್ ಸೆಟ್ಟಿಂಗ್, ಕರ್ನೆಲ್ ದಾಖಲೆ, ಮೆಮ್‌ಟೆಸ್ಟ್, ಸ್ಮಾರ್ಟ್ ಪರೀಕ್ಷೆ ಇವಿಷ್ಟಕ್ಕೂ ಖರ್ಚಾಗುವುದು ಸಮಯ ಮಾತ್ರ.

ಕೆಟ್ಟ ಭಾಗ ಗೊತ್ತಾದ ಮೇಲೆ ಲೆಕ್ಕ ಸುಲಭ. ರ‍್ಯಾಮ್, ಡಿಸ್ಕ್, ಎಸ್‌ಎಂಪಿಎಸ್, ಫ್ಯಾನ್, ನಾಣ್ಯ ಬ್ಯಾಟರಿಗಳು ಹಳೆಯ ಯಂತ್ರಗಳಿಗೂ ಸಿಗುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಳಸಿದ ಭಾಗಗಳೂ ದೊರೆಯುತ್ತವೆ. ಬಳಸಿದ ರ‍್ಯಾಮ್ ತಂದರೆ ಅದಕ್ಕೂ ಮೆಮ್‌ಟೆಸ್ಟ್ ಆಗಬೇಕು. ಮದರ್‌ಬೋರ್ಡ್ ಅಥವಾ ಬೆಸುಗೆ ಹಾಕಿದ ಮೆಮೊರಿ ಕೆಟ್ಟಿದ್ದರೆ ಹಳೆಯ ಯಂತ್ರಕ್ಕೆ ಅಷ್ಟು ಹಣ ಸುರಿಯುವುದು ಸಾಮಾನ್ಯವಾಗಿ ಲಾಭದಾಯಕವಲ್ಲ. ಅದರ ಚೆನ್ನಾಗಿರುವ ಡಿಸ್ಕ್, ರ‍್ಯಾಮ್ ಇನ್ನೊಂದಕ್ಕೆ ಉಪಯೋಗಕ್ಕೆ ಬರಬಹುದು.

ಭಾಗ ಬದಲಿಸಿದ ಮೇಲೆ, ದೋಷ ತೋರಿದ್ದ ಅದೇ ಪರೀಕ್ಷೆಯನ್ನು ಮತ್ತೆ ನಡೆಸಿ ಪಾಸಾಗುವುದನ್ನು ನೋಡಬೇಕು. ಅರ್ಧಕ್ಕೆ ನಿಂತಿದ್ದ ಅಳವಡಿಕೆಯನ್ನು ಅಲ್ಲಿಂದ ಮುಂದುವರಿಸದೆ ಡಿಸ್ಕ್ ಅಳಿಸಿ ಮೊದಲಿನಿಂದ ಶುರುಮಾಡಬೇಕು. ಕೆಟ್ಟ ರ‍್ಯಾಮ್ ಇದ್ದಾಗ ಹೇಗೋ ಪೂರ್ತಿಗೊಂಡ ಅಳವಡಿಕೆಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಆಗ ಬರೆದ ಕಡತಗಳಲ್ಲಿ ಯಾವುದು ಸರಿ, ಯಾವುದು ತಿರುಚಿದೆ ಎಂದು ಸುಲಭದಲ್ಲಿ ಹೇಳಲಾಗದು. ಆ ಅವಧಿಯಲ್ಲಿ ನಕಲಿಸಿಟ್ಟ ಫೋಟೊ, ದಾಖಲೆಗಳನ್ನೂ ಒಮ್ಮೆ ತೆರೆದು ಪರೀಕ್ಷಿಸಿದ ಮೇಲೆಯೇ ಮೂಲ ಪ್ರತಿಗಳನ್ನು ಅಳಿಸಬೇಕು.